ತೋಟದ ಕಾವಲಿಗೆ ಮುಧೋಳ ನಾಯಿ: ತರುವ ಮುಂಚೆ ತಿಳ್ಕೊಳ್ಳಿ, ತಂದ ಮೇಲೆ ಹೀಗೆ ಸಾಕಿ

ತೋಟದಲ್ಲಿ ಮನೆ ಕಟ್ಟಿಕೊಂಡವರಿಗೆ ಕಾವಲಿನ ಚಿಂತೆ ತಪ್ಪಿದ್ದಲ್ಲ. ಬೋರ್‌ವೆಲ್ ಕೇಬಲ್ ಕತ್ತರಿಸಿಕೊಂಡು ಹೋಗೋರು, ಡ್ರಿಪ್ ಪೈಪ್ ಸುತ್ತಿಕೊಂಡು ಹೋಗೋರು, ರಾತ್ರೋರಾತ್ರಿ ಶೆಡ್ಡಿನಿಂದ ಕುರಿ ಎತ್ತಿಕೊಂಡು ಹೋಗೋರು. ದೇವನಹಳ್ಳಿಯ ದ್ರಾಕ್ಷಿ ತೋಟ ಇರಲಿ, ಹೊಸಕೋಟೆಯ ತರಕಾರಿ ಹೊಲ ಇರಲಿ, ಊರಿನಿಂದ ಒಂದು ಕಿಲೋಮೀಟರ್ ದೂರ ಇದ್ದರೆ ಸಾಕು, ಈ ಭಯ ಇದ್ದೇ ಇರುತ್ತೆ. ಆಗ ಎಲ್ಲರಿಗೂ ಹೊಳೆಯೋದು ಒಂದೇ: "ಒಂದು ಒಳ್ಳೆ ಜಾತಿ ನಾಯಿ ತಂದುಬಿಡೋಣ."

ಮೊಬೈಲ್ ತೆಗೆದು ಹುಡುಕಿದರೆ ರಾಟ್‌ವೀಲರ್, ಜರ್ಮನ್ ಶೆಫರ್ಡ್, ಡಾಬರ್‌ಮನ್, ಗ್ರೇಟ್ ಡೇನ್ ಎಲ್ಲ ಸಾಲಾಗಿ ಬರುತ್ತವೆ. ಅವುಗಳ ನಡುವೆ ನಮ್ಮದೇ ನಾಡಿನ ಮುಧೋಳ ನಾಯಿಯೂ ಕಾಣುತ್ತೆ. ಎತ್ತರ ಇದೆ, ಗತ್ತು ಇದೆ, ಒಡೆಯನ ಮೇಲೆ ನಿಯತ್ತು ಇದೆ, ನಮ್ಮ ಬಿಸಿಲಿಗೆ ಒಗ್ಗುತ್ತೆ. ಹಾಗಾಗಿ ಯುವಕರು ಈ ತಳಿಯ ಕಡೆ ಮನಸ್ಸು ಮಾಡೋದು ಸಹಜ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಮುಧೋಳ ಓಡುವ ನಾಯಿ. ಅದಕ್ಕೆ ಓಡಾಡೋಕೆ ಬೇಲಿ ಹಾಕಿದ ಜಾಗ ಬೇಕು, ರಾತ್ರಿಗೆ ಭದ್ರವಾದ ಗೂಡು ಬೇಕು, ಮರಿಯಾಗಿದ್ದಾಗ ಮೊದಲ ನಾಲ್ಕು ತಿಂಗಳು ನಿಮ್ಮ ಸಮಯ ಬೇಕು. ಈ ಮೂರನ್ನೂ ಕೊಡೋಕೆ ಆಗುತ್ತೆ ಅಂದರೆ ತನ್ನಿ. ಒಂದು ಇಲ್ಲದಿದ್ದರೂ ಬೇರೆ ದಾರಿ ನೋಡೋದು ಒಳ್ಳೆಯದು. ಯಾಕೆ ಅಂತ ಮುಂದೆ ಓದಿ.

ಈ ತಳಿ ಎಲ್ಲಿಯದು?

ಬಾಗಲಕೋಟೆ ಜಿಲ್ಲೆಯ ಮುಧೋಳ ನಮ್ಮಿಂದ ಸುಮಾರು 500 ಕಿ.ಮೀ. ದೂರ. ಅಲ್ಲಿನ ಬೇಡರು ಬೇಟೆಗೆ ಬಳಸುತ್ತಿದ್ದ ನಾಯಿಗಳಿವು. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಇವುಗಳನ್ನು ಮೆಚ್ಚಿ, ಆರಿಸಿ ಬೆಳೆಸಿದ್ದರಿಂದ ತಳಿಗೆ ಊರಿನ ಹೆಸರೇ ನಿಂತಿತು. ಮಹಾರಾಷ್ಟ್ರದಲ್ಲಿ ಇದೇ ಬಗೆಯ ನಾಯಿಯನ್ನು ಕರವಾನಿ ಅಂತಾರೆ, ಇಂಗ್ಲಿಷ್ ಪುಸ್ತಕಗಳಲ್ಲಿ ಕ್ಯಾರವಾನ್ ಹೌಂಡ್.

2005ರಲ್ಲಿ ಅಂಚೆ ಇಲಾಖೆ ಭಾರತದ ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. 2016ರಲ್ಲಿ ಸೇನೆಯವರು ತರಬೇತಿಗೆ ಮರಿಗಳನ್ನು ಮೀರತ್‌ಗೆ ಒಯ್ದರು. 2020ರ ಆಗಸ್ಟ್‌ನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಈ ತಳಿಯ ಹೆಸರು ಹೇಳಿದ ಮೇಲಂತೂ ಬೇಡಿಕೆ ಇನ್ನಷ್ಟು ಏರಿತು. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ನಡೆಸುತ್ತಿದ್ದಾರೆ. ಆ ಭಾಗದ ಅನೇಕ ರೈತ ಕುಟುಂಬಗಳಿಗೆ ಮರಿ ಸಾಕಿ ಮಾರೋದು ಒಂದು ಉಪಕಸುಬು.

ಮೈಕಟ್ಟು, ಗುಣ

ಗಂಡು ನಾಯಿ ಭುಜದ ಹತ್ತಿರ ಸುಮಾರು 27ರಿಂದ 28 ಇಂಚು ಎತ್ತರ, ಹೆಣ್ಣು ಎರಡು ಇಂಚು ಕಡಿಮೆ. ಎತ್ತರ ಇದ್ದರೂ ತೂಕ ಸಾಮಾನ್ಯವಾಗಿ 30 ಕೆ.ಜಿ. ದಾಟಲ್ಲ. ಉದ್ದನೆ ಮೂತಿ, ಆಳವಾದ ಎದೆ, ಒಳಕ್ಕೆ ಎಳೆದುಕೊಂಡ ಹೊಟ್ಟೆ, ನೀಳ ಕಾಲು, ನುಣುಪಾದ ಗಿಡ್ಡ ಕೂದಲು. ಮೊದಲ ಸಲ ನೋಡಿದವರು "ಪಾಪ, ಊಟ ಹಾಕಲ್ವಾ?" ಅಂತ ಕೇಳ್ತಾರೆ. ಅದರ ಮೈ ಇರೋದೇ ಹಾಗೆ. ಹಿಂದಿನ ಎರಡು ಮೂರು ಪಕ್ಕೆಲುಬು ಲೇಸಾಗಿ ಕಾಣ್ತಾ ಇದ್ದರೆ ನಾಯಿ ಸರಿಯಾದ ತೂಕದಲ್ಲಿದೆ ಅಂತ ಅರ್ಥ. ದಪ್ಪ ಮಾಡೋಕೆ ಹೋಗಬೇಡಿ.

ಜರ್ಮನ್ ಶೆಫರ್ಡ್ ಮೂಗಿನಿಂದ ಕೆಲಸ ಮಾಡಿದರೆ ಮುಧೋಳ ಕಣ್ಣಿನಿಂದ ಮಾಡುತ್ತೆ. ದೂರದಲ್ಲಿ ಏನಾದರೂ ಅಲುಗಾಡಿದರೆ ಸಾಕು, ತಲೆ ಎತ್ತಿ ನಿಲ್ಲುತ್ತೆ. ಓಡೋ ವಸ್ತು ಕಂಡರೆ ಅಟ್ಟಿಸಿಕೊಂಡು ಹೋಗೋದು ಹುಟ್ಟುಗುಣ. ಮೊಲ, ಕೋಳಿ, ಪಕ್ಕದ ಮನೆ ಬೆಕ್ಕು, ಬೈಕು, ಎಲ್ಲವೂ ಅದಕ್ಕೆ ಒಂದೇ.

ಮನೆಯವರ ಜೊತೆ ತುಂಬಾ ಅಂಟಿಕೊಳ್ಳುತ್ತೆ. ಹೊಸಬರು ಬಂದು ತಲೆ ಸವರಿದರೆ ಇಷ್ಟಪಡಲ್ಲ, ಹಿಂದೆ ಸರಿದು ನಿಂತು ನೋಡುತ್ತೆ. ಸುಮ್ಮನೆ ಬೊಗಳೋ ನಾಯಿ ಅಲ್ಲ. ಹೊಡೆದು ಬಡಿದು ಕಲಿಸೋಕೆ ಹೋದರೆ ಮುದುರಿಕೊಳ್ಳುತ್ತೆ, ಆಮೇಲೆ ಕರೆದರೂ ಹತ್ತಿರ ಬರಲ್ಲ. ಮೆತ್ತಗೆ, ಒಂದೇ ಮಾತಲ್ಲಿ, ತಿನ್ನೋಕೆ ಏನಾದರೂ ಕೊಟ್ಟು ಕಲಿಸಿದರೆ ಬೇಗ ಕಲಿಯುತ್ತೆ.

ಕಾವಲಿಗೆ ಎಷ್ಟು ಉಪಯೋಗ?

ಮುಧೋಳ ಮೂಲದಲ್ಲಿ ಬೇಟೆ ನಾಯಿ, ಕಾವಲು ನಾಯಿ ಅಂತ ಬೆಳೆಸಿದ ತಳಿಯಲ್ಲ. ಆದರೂ ಎತ್ತರದ ನಾಯಿ ಬೇಲಿ ಒಳಗೆ ಸದ್ದಿಲ್ಲದೆ ಓಡಾಡ್ತಾ ಇದ್ದರೆ ಕಳ್ಳ ಎರಡು ಸಲ ಯೋಚನೆ ಮಾಡ್ತಾನೆ. ತನ್ನ ಜಾಗ, ತನ್ನ ಜನ ಅನ್ನೋ ಅಭಿಮಾನ ಅದಕ್ಕೆ ಜಾಸ್ತಿ. ಹಗಲು ಬಯಲಲ್ಲಿ ದೂರದಿಂದ ಬರೋರನ್ನ ಬೇಗ ಗುರುತಿಸುತ್ತೆ. ಬೀದಿನಾಯಿ, ಕಾಡುಹಂದಿ ಬೇಲಿ ಹತ್ತಿರ ಬಂದರೆ ಮೊದಲು ತಿಳಿಯೋದೂ ಅದಕ್ಕೇ.

ಹಾಗಾಗಿ ನಿಮಗೆ ಏನು ಕೆಲಸ ಆಗಬೇಕು ಅಂತ ಮೊದಲು ತೀರ್ಮಾನ ಮಾಡಿ.

- ಯಾರೋ ಬಂದರು ಅಂತ ಬೊಗಳಿ ತಿಳಿಸಿದರೆ ಸಾಕು: ನಿಮ್ಮೂರಿನ ನಾಟಿ ನಾಯಿಮರಿಯೇ ಸಾಕು. ನಮ್ಮ ಹವೆಗೆ ಒಗ್ಗಿದೆ, ಖರ್ಚು ಕಡಿಮೆ, ಕಾಯಿಲೆ ಕಡಿಮೆ, ಕಿವಿ ಚುರುಕು. ಲಸಿಕೆ ಹಾಕಿಸಿ, ಸಂತಾನಹರಣ ಮಾಡಿಸಿ, ಹೊಟ್ಟೆ ತುಂಬ ಊಟ ಕೊಟ್ಟರೆ ಹತ್ತು ವರ್ಷ ಕಾವಲು ಕಾಯುತ್ತೆ.
- ಎರಡು ಮೂರು ಎಕರೆಗೆ ಬೇಲಿ ಇದೆ, ಓಡಾಡುವ ನಾಯಿ ಬೇಕು: ಮುಧೋಳ ಹೊಂದುತ್ತೆ. ಜೊತೆಗೊಂದು ನಾಟಿ ನಾಯಿ ಇದ್ದರೆ ಇನ್ನೂ ಚೆನ್ನ. ನಾಟಿ ಬೊಗಳಿ ಹೇಳುತ್ತೆ, ಮುಧೋಳ ಓಡಿ ನೋಡುತ್ತೆ.
- ಕುರಿ, ಮೇಕೆ ಜೊತೆ ಇದ್ದು ಕಾಯಬೇಕು: ಮುಧೋಳ ಮೊದಲ ಆಯ್ಕೆ ಅಲ್ಲ. ಓಡೋ ಪ್ರಾಣಿ ಅಟ್ಟೋ ಗುಣ ಕುರಿಮರಿ ಮೇಲೆ ತಿರುಗಬಹುದು. ಕುರಿ ಕಾಯುವ ನಾಯಿಯನ್ನು ಎಳೆ ಮರಿಯಲ್ಲೇ ಕುರಿಗಳ ನಡುವೆ ಬೆಳೆಸಬೇಕು. ಆಫ್ರಿಕಾದ ನಮೀಬಿಯಾದಲ್ಲಿ ಚೀತಾ ಸಂರಕ್ಷಣೆ ಮಾಡುವ ಸಂಸ್ಥೆಯೊಂದು 1994ರಿಂದ ಟರ್ಕಿ ಮೂಲದ ಅನಟೋಲಿಯನ್ ಶೆಫರ್ಡ್ ಮರಿಗಳನ್ನು ರೈತರಿಗೆ ಕೊಡ್ತಾ ಬಂದಿದೆ. ಎರಡು ತಿಂಗಳ ಮರಿಯನ್ನು ನೇರ ಮೇಕೆ ದೊಡ್ಡಿಯಲ್ಲೇ ಬಿಡ್ತಾರೆ. ಬೆಳೀತಾ ಬೆಳೀತಾ ಮಂದೆಯೇ ಅದಕ್ಕೆ ಮನೆ ಆಗುತ್ತೆ. ನಮ್ಮಲ್ಲಿ ಕುರಿಗಾರರು ಮಂದೆ ಜೊತೆ ಸಾಕುವ ನಾಯಿಗಳೂ ಹೀಗೇ ತಯಾರಾಗೋದು. ಅಂಥ ತಾಯಿಯ ಮರಿ ಸಿಕ್ಕರೆ ಬಿಡಬೇಡಿ.

ರಾಟ್‌ವೀಲರ್, ಕೇನ್ ಕೊರ್ಸೊ ತರದ ಭಾರಿ ನಾಯಿಗಳ ಬಗ್ಗೆಯೂ ಒಂದು ಮಾತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಆಮದು, ಸಂತಾನಾಭಿವೃದ್ಧಿ, ಮಾರಾಟ ನಿಲ್ಲಿಸಿ ಅಂತ ಸುತ್ತೋಲೆ ಕಳಿಸಿತ್ತು. ಅದರಲ್ಲಿ ಇವೆರಡೂ ಇದ್ದವು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಅನ್ನೋ ಕಾರಣಕ್ಕೆ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆ ರದ್ದು ಮಾಡಿತು. ಆದರೆ ನಿಯಮ ಪಾಲಿಸಿ ಹೊಸದಾಗಿ ಆದೇಶ ತರೋಕೆ ಸರ್ಕಾರಕ್ಕೆ ಅವಕಾಶ ಬಿಟ್ಟಿದೆ. ಅನುಭವ ಇಲ್ಲದ ಮನೆಯಲ್ಲಿ, ಚಿಕ್ಕ ಮಕ್ಕಳು, ದಿನಾ ಬದಲಾಗೋ ಕೂಲಿಯವರು ಇರೋ ತೋಟದಲ್ಲಿ 45–50 ಕೆ.ಜಿ. ನಾಯಿ ಕೈ ಮೀರಿದರೆ ಹಿಡಿಯೋದು ಕಷ್ಟ.

ಮರಿ ಕೊಳ್ಳುವಾಗ ಇಷ್ಟು ನೋಡಿ

ಮೊಬೈಲಲ್ಲಿ ಫೋಟೊ ನೋಡಿ ಮುಂಗಡ ಹಾಕಬೇಡಿ. ಮುಧೋಳ ಅಂತ ಹೇಳಿ ಮಿಶ್ರ ತಳಿ ಮಾರೋರು ಇದ್ದಾರೆ. ಎಳೆ ಮರಿಯಲ್ಲಿ ವ್ಯತ್ಯಾಸ ಹಿಡಿಯೋದು ಕಷ್ಟ. ಅದಕ್ಕೇ ತಾಯಿಯನ್ನು ಕಣ್ಣಾರೆ ನೋಡಬೇಕು, ಆದರೆ ತಂದೆಯನ್ನೂ. ತಾಯಿ ಸುಮ್ಮಸುಮ್ಮನೆ ಹೆದರಿ ನಡುಗ್ತಿದ್ದರೆ ಅಥವಾ ಕಚ್ಚೋಕೆ ಬಂದರೆ ಆ ಮನೆಯ ಮರಿ ಬೇಡ.

2017ರ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ಸಾಕಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನಾಲ್ಕು ವಾರಕ್ಕೇ ತಾಯಿಯಿಂದ ಬಿಡಿಸಿದ ಮರಿಗೆ ಕಚ್ಚೋ ಚಟ, ಭೇದಿ, ಭಯ ಎಲ್ಲ ಬರುತ್ತೆ. "ಬೇಗ ತಗೊಂಡೋಗಿ, ನಿಮ್ಮ ಕೈಗೆ ಒಗ್ಗುತ್ತೆ" ಅನ್ನೋ ಮಾತಿಗೆ ಮರುಳಾಗಬೇಡಿ. ಲಸಿಕೆ ಕಾರ್ಡಿನಲ್ಲಿ ಸ್ಟಿಕ್ಕರ್, ತಾರೀಖು, ವೈದ್ಯರ ಸಹಿ ಇದೆಯಾ ನೋಡಿ.

ಮೊದಲ ನಾಲ್ಕು ತಿಂಗಳು ಚಿನ್ನದಂಥವು

ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮರಿ ಏನನ್ನು ನೋಡುತ್ತೋ ಅದನ್ನು ಜೀವನಪೂರ್ತಿ ಮಾಮೂಲು ಅಂತ ತಿಳಿಯುತ್ತೆ. ನೋಡದೇ ಇದ್ದದ್ದಕ್ಕೆ ಆಮೇಲೆ ಹೆದರುತ್ತೆ. ಹೆದರಿದ ನಾಯಿಯೇ ಕಚ್ಚೋದು.

ತೋಟದಲ್ಲಿ ದಿನಾ ನಡೆಯೋದನ್ನೆಲ್ಲ ಮರಿಗೆ ಈ ಸಮಯದಲ್ಲೇ ತೋರಿಸಿ. ಟ್ರ್ಯಾಕ್ಟರ್ ಸದ್ದು, ಔಷಧಿ ಹೊಡೆಯೋ ಪಂಪಿನ ಸದ್ದು, ಹಾಲಿನ ಡೈರಿಗೆ ನಸುಕಲ್ಲೇ ಕ್ಯಾನ್ ಹಿಡ್ಕೊಂಡು ಹೋಗೋರು, ಲೈನ್‌ಮನ್, ಬೋರ್ ರಿಪೇರಿಯವರು, ಶಾಲೆ ಮಕ್ಕಳು, ಹೊಸ ಕೂಲಿಯವರು. ಯಾರಾದರೂ ಬಂದಾಗ ಅವರ ಕೈಯಿಂದಲೇ ಒಂದು ಚೂರು ಬಿಸ್ಕತ್ತೋ ಮೊಟ್ಟೆಯೋ ಕೊಡಿಸಿ. "ಹೊಸಬರ ಕೈಯಲ್ಲಿ ತಿಂದರೆ ಕಾವಲು ಕಾಯಲ್ಲ" ಅನ್ನೋದು ತಪ್ಪು ನಂಬಿಕೆ. ಹಗಲು ಒಡೆಯನ ಜೊತೆ ಬರೋ ಮನುಷ್ಯನಿಗೂ ರಾತ್ರಿ ಬೇಲಿ ಹಾರೋ ಮನುಷ್ಯನಿಗೂ ವ್ಯತ್ಯಾಸ ಗೊತ್ತಿರೋ ನಾಯಿಯೇ ಒಳ್ಳೆ ಕಾವಲುಗಾರ.

ಕೋಳಿ, ಕರು, ಕುರಿ ಹತ್ತಿರ ಹಗ್ಗ ಹಾಕಿಕೊಂಡೇ ಕರ್ಕೊಂಡು ಹೋಗಿ. ಅಟ್ಟೋಕೆ ನೋಡಿದರೆ ಗದರದೆ ಬೇರೆ ಕಡೆ ತಿರುಗಿಸಿ, ಸುಮ್ಮನಿದ್ದರೆ ಮೆಚ್ಚಿ. "ಬಾ", "ನಿಲ್ಲು", "ಬಿಡು" ಈ ಮೂರು ಮಾತು ಚೆನ್ನಾಗಿ ಕಲಿತರೆ ಅರ್ಧ ಕೆಲಸ ಮುಗೀತು. 20 ಅಡಿ ಹಗ್ಗ ಕಟ್ಟಿ "ಬಾ" ಅಭ್ಯಾಸ ಮಾಡಿಸಿ. ಮನೆಯವರೆಲ್ಲರೂ ಒಂದೇ ಮಾತು ಬಳಸಬೇಕು. ಅಪ್ಪ ಒಂದು, ಮಗ ಒಂದು ಹೇಳಿದರೆ ನಾಯಿಗೆ ಗೊಂದಲ.

ರೋಷ ಬರಲಿ ಅಂತ ಖಾರ ತಿನ್ನಿಸೋದು, ಕೋಲು ತೋರಿಸಿ ಕೆರಳಿಸೋದು ಮಾಡಬೇಡಿ. ಅದರಿಂದ ಹುಟ್ಟೋದು ಯಾರನ್ನು ಬೇಕಾದರೂ ಕಚ್ಚೋ ನಾಯಿ.

ದಿನವಿಡೀ ಚೈನು ಬೇಡ

ನಮ್ಮ ತೋಟಗಳಲ್ಲಿ ಸಾಮಾನ್ಯವಾಗಿ ಕಾಣೋ ದೃಶ್ಯ: ಗೇಟಿನ ಪಕ್ಕ ನಾಲ್ಕು ಅಡಿ ಚೈನು, ಬಿಸಿಲಿಗೆ ಕಾದ ಶೀಟಿನ ಕೆಳಗೆ ನಾಯಿ. ಮುಧೋಳಕ್ಕೆ ಇದು ಜೈಲು. ಓಡೋ ನಾಯಿಯನ್ನು ಕಟ್ಟಿ ಹಾಕಿದರೆ ಕಾಲು ಬಲಹೀನ ಆಗುತ್ತೆ, ಕತ್ತಲ್ಲಿ ಗಾಯ ಆಗುತ್ತೆ, ಸಿಟ್ಟು ಬೆಳೆಯುತ್ತೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೂ ಗಿಡ್ಡ ಚೈನಲ್ಲಿ ಹೊತ್ತುಗಟ್ಟಲೆ ಕಟ್ಟೋದು, ಕಟ್ಟಿದ ನಾಯಿಗೆ ಓಡಾಟ ಕೊಡದೇ ಇರೋದು ಅಪರಾಧವೇ.

ಇಡೀ ತೋಟಕ್ಕೆ ಬೇಲಿ ಹಾಕೋಕೆ ದುಡ್ಡು ಸಾಲದಿದ್ದರೆ ಮನೆ, ಶೆಡ್ಡು, ಪಂಪ್‌ಹೌಸ್ ಸೇರೋ ಹಾಗೆ ಒಂದು ಅಂಗಳಕ್ಕೆ ಮಾತ್ರ ಚೈನ್‌ಲಿಂಕ್ ಮೆಶ್ ಹಾಕಿ. ಎತ್ತರ ಆರು ಅಡಿ ಇರಲಿ, ಮುಧೋಳ ಚೆನ್ನಾಗಿ ಹಾರುತ್ತೆ. ಬುಡದಲ್ಲಿ ಸಂದು ಇರಬಾರದು. ಅದೂ ಆಗದಿದ್ದರೆ ಎರಡು ಕಂಬದ ನಡುವೆ ಗಟ್ಟಿ ತಂತಿ ಎಳೆದು, ರಿಂಗ್ ಹಾಕಿ, ಅದಕ್ಕೆ ಹಗ್ಗ ಕಟ್ಟಿದರೆ ನಾಯಿ ಆ ಕಡೆಯಿಂದ ಈ ಕಡೆಗೆ ಓಡಾಡಬಹುದು. ಇದು ಹಗಲಿಗೆ ಮಾತ್ರ. ಇಷ್ಟಾದರೂ ಬೆಳಿಗ್ಗೆ ಎಂಟರ ಒಳಗೆ, ಸಂಜೆ ಬಿಸಿಲು ಇಳಿದ ಮೇಲೆ ಅರ್ಧರ್ಧ ಗಂಟೆ ಬಿಟ್ಟು ಓಡಿಸಬೇಕು.

ಗೂಡಿಗೆ ಬರೀ ತಗಡಿನ ಶೀಟ್ ಹಾಕಿದರೆ ಏಪ್ರಿಲ್‌ನಲ್ಲಿ ಒಲೆ ಆಗುತ್ತೆ. ಮೇಲೆ ತೆಂಗಿನಗರಿ ಹೊದಿಸಿ ಅಥವಾ ಮರದ ನೆರಳಲ್ಲಿ ಕಟ್ಟಿ. ಚಳಿಗಾಲದಲ್ಲಿ ಇದಕ್ಕೆ ವಿರುದ್ಧ ತೊಂದರೆ. ಮುಧೋಳಕ್ಕೆ ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬು ಕಡಿಮೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಡಿಸೆಂಬರ್–ಜನವರಿ ರಾತ್ರಿ ಬಾಗಲಕೋಟೆಯ ನಾಯಿಗೆ ಚಳಿಯೇ. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಹಲಗೆ, ಅದರ ಮೇಲೆ ಒಣ ಗೋಣಿಚೀಲ ಹಾಕಿ.

ಚಿರತೆ ಇರೋ ಕಡೆ ರಾತ್ರಿ ನಾಯಿ ಹೊರಗೆ ಬೇಡವೇ ಬೇಡ

ನೆಲಮಂಗಲದ ಶಿವಗಂಗೆ ಬೆಟ್ಟದ ಸುತ್ತ, ದೊಡ್ಡಬಳ್ಳಾಪುರದ ಮಾಕಳಿದುರ್ಗ, ಘಾಟಿ ಕಡೆ ಚಿರತೆ ಓಡಾಟ ಹೊಸದೇನಲ್ಲ. ಚಿರತೆಗೆ ನಾಯಿ ಇಷ್ಟದ ಆಹಾರ. ಮಹಾರಾಷ್ಟ್ರದ ಅಕೋಲೆ ಕಣಿವೆಯ ಹಳ್ಳಿಗಳಲ್ಲಿ ಸಂಶೋಧಕರು ಚಿರತೆ ಹಿಕ್ಕೆ ಪರೀಕ್ಷೆ ಮಾಡಿದಾಗ, ಅವು ತಿಂದ ಆಹಾರದ ತೂಕದಲ್ಲಿ ಸುಮಾರು 39ರಷ್ಟು ಶೇಕಡಾ ನಾಯಿಯೇ ಇತ್ತು. ಮೇಕೆ ಪಾಲು ಶೇ 11 ಮಾತ್ರ.

ಅಂದರೆ ತೋಟದ ಗೇಟಲ್ಲಿ ರಾತ್ರಿ ಕಟ್ಟಿ ಹಾಕಿದ ನಾಯಿ ಕಾವಲುಗಾರ ಅಲ್ಲ, ಚಿರತೆಗೆ ಇಟ್ಟ ಊಟ. ಅದು ಓಡೋಕೂ ಆಗಲ್ಲ, ಎದುರಿಸೋಕೂ ಆಗಲ್ಲ. ನಾಯಿ ರುಚಿ ಹತ್ತಿದ ಚಿರತೆ ಮತ್ತೆ ಮತ್ತೆ ಅದೇ ಮನೆ ಹತ್ತಿರ ಬಂದರೆ ಮನೆಯವರಿಗೂ ಅಪಾಯ. 28 ಕೆ.ಜಿ. ಮುಧೋಳ ಆಗಲಿ, 45 ಕೆ.ಜಿ. ರಾಟ್‌ವೀಲರ್ ಆಗಲಿ, ಒಂಟಿ ನಾಯಿ ಚಿರತೆಗೆ ಸಮ ಅಲ್ಲ.

ಹಾಗಾದರೆ ರಾತ್ರಿ ಕಾವಲು? ಗೂಡನ್ನೇ ಕಾವಲು ಜಾಗದಲ್ಲಿ ಕಟ್ಟಿ. ನಾಲ್ಕೂ ಕಡೆ ಮತ್ತು ಮೇಲೂ ಗಟ್ಟಿ ವೆಲ್ಡ್ ಮೆಶ್, ಒಳಗಿಂದ ಕುರಿ ಶೆಡ್ಡು, ಗೇಟು ಎರಡೂ ಕಾಣೋ ಹಾಗೆ. ಕತ್ತಲಾಗುವ ಮುಂಚೆ ನಾಯಿ ಒಳಗೆ, ಬೆಳಕು ಹರಿದ ಮೇಲೆ ಹೊರಗೆ. ಬೊಗಳೋ ಕೆಲಸ ಒಳಗಿಂದಲೂ ಆಗುತ್ತೆ. ಸೋಲಾರ್ ಸೆನ್ಸರ್ ಲೈಟ್ ಒಂದೆರಡು ಹಾಕಿದರೆ ಇನ್ನೂ ಒಳ್ಳೆಯದು. ಹಿಮಾಚಲದ ಗದ್ದಿ ಕುರಿಗಾರರು ನಾಯಿ ಕುತ್ತಿಗೆಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕ್ತಾರೆ, ಚಿರತೆ ಹಿಡಿಯೋದು ಕುತ್ತಿಗೆಯನ್ನೇ. ಆದರೆ ಅವರ ನಾಯಿಗಳು ದಪ್ಪ ಮೈಯವು, ಮಂದೆ ಜೊತೆ ಮನುಷ್ಯರೂ ಇರ್ತಾರೆ. ಪಟ್ಟಿ ನಂಬಿಕೊಂಡು ಮುಧೋಳವನ್ನು ರಾತ್ರಿ ಹೊರಗೆ ಬಿಡಬೇಡಿ.

ಸತ್ತ ಕೋಳಿ, ಮಾಂಸದ ತ್ಯಾಜ್ಯವನ್ನು ತೋಟದ ಮೂಲೆಗೆ ಎಸೆದರೆ ಬೀದಿನಾಯಿ ಸೇರುತ್ತವೆ, ಅವುಗಳ ಹಿಂದೆ ಚಿರತೆ ಬರುತ್ತೆ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಚಿರತೆ ಹೆಜ್ಜೆ ಕಂಡರೆ ವಲಯ ಅರಣ್ಯ ಕಚೇರಿಗೆ ತಿಳಿಸಿ.

ಊಟ: ಮುದ್ದೆ ಸರಿ, ಬರೀ ಮುದ್ದೆ ಸಾಲದು

ರಾಗಿಮುದ್ದೆ, ಅನ್ನ ನಾಯಿಗೆ ಶಕ್ತಿ ಕೊಡುತ್ತೆ. ಆದರೆ ಮಾಂಸಖಂಡಕ್ಕೆ ಪ್ರೋಟೀನ್ ಬೇಕು. ಮುದ್ದೆ ಅಥವಾ ಅನ್ನದ ಜೊತೆ ಬೇಯಿಸಿದ ಮೊಟ್ಟೆ, ಚಿಕನ್, ಮೊಸರು, ಬೇಯಿಸಿದ ಕುಂಬಳಕಾಯಿ ಅಥವಾ ಕ್ಯಾರೆಟ್ ಹಾಕಿ. ಮನೆಯ ಸಾರು ಬೇಡ, ಉಪ್ಪು, ಖಾರ, ಈರುಳ್ಳಿ ಇರುತ್ತೆ.

ಅಂಗಡಿ ಫುಡ್ ಕೊಡೋದಾದರೆ ಲೆಕ್ಕ ಹೀಗಿದೆ. 28–30 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 400 ಗ್ರಾಂ, ತಿಂಗಳಿಗೆ 12 ಕೆ.ಜಿ. ಬೇಕು. 45 ಕೆ.ಜಿ. ರಾಟ್‌ವೀಲರ್‌ಗೆ ತಿಂಗಳಿಗೆ 16–17 ಕೆ.ಜಿ. ಆಗುತ್ತೆ. ನಿಮ್ಮ ಊರಿನ ಅಂಗಡಿ ರೇಟಿನಿಂದ ಗುಣಿಸಿ, ಅದನ್ನು ಹತ್ತು ಹನ್ನೆರಡು ವರ್ಷಕ್ಕೆ ಲೆಕ್ಕ ಹಾಕಿ ನೋಡಿ. ಮರಿಯ ಬೆಲೆ ಖರ್ಚಿನಲ್ಲಿ ಚಿಕ್ಕ ಭಾಗ ಅಂತ ಆಗ ಗೊತ್ತಾಗುತ್ತೆ.

ಮರಿಗೆ ದಿನಕ್ಕೆ ಮೂರು ನಾಲ್ಕು ಸಲ, ದೊಡ್ಡದಕ್ಕೆ ಎರಡು ಸಲ ಕೊಡಿ. ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳೋ ಅಪಾಯ ಇದೆ. ಅದಕ್ಕೇ ಹೊಟ್ಟೆ ತುಂಬ ಒಂದೇ ಸಲ ಹಾಕಬೇಡಿ, ಊಟದ ಮೇಲೆ ಒಂದು ಗಂಟೆ ಓಡಿಸಬೇಡಿ. ಹೊಟ್ಟೆ ಡೊಳ್ಳಿನ ಹಾಗೆ ಉಬ್ಬಿ, ವಾಂತಿ ಬಾರದೆ ಬರೀ ಓಕರಿಸ್ತಾ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ಡಾಕ್ಟರ್ ಹತ್ತಿರ ಹೋಗಿ.

ಬೇಡದ ಪಟ್ಟಿ: ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಬೇಯಿಸಿದ ಕೋಳಿ ಮೂಳೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಹುದು. ದ್ರಾಕ್ಷಿ ತೋಟದವರು ಕಟಾವಿನ ಹೊತ್ತಲ್ಲಿ ಉದುರಿದ ಹಣ್ಣನ್ನು ನಾಯಿ ತಿನ್ನದ ಹಾಗೆ ನೋಡಿಕೊಳ್ಳಿ. ನೀರು ಯಾವಾಗಲೂ ನೆರಳಲ್ಲಿ ಇರಲಿ. ದಿನಕ್ಕೆ ಎರಡು ಲೀಟರ್‌ವರೆಗೂ ಕುಡಿಯುತ್ತೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ.

ಲಸಿಕೆ, ಜಂತುಹುಳು, ಉಣ್ಣೆ

ಮೊಬೈಲ್ ಕ್ಯಾಲೆಂಡರಲ್ಲಿ ಈಗಲೇ ರಿಮೈಂಡರ್ ಹಾಕ್ಕೊಳ್ಳಿ.

- 6–8 ವಾರ: ಪಾರ್ವೊ, ಡಿಸ್ಟೆಂಪರ್ ಸೇರಿದ ಲಸಿಕೆಯ ಮೊದಲ ಡೋಸ್. ಆಮೇಲೆ 3–4 ವಾರಕ್ಕೊಮ್ಮೆ, 16 ವಾರ ತುಂಬೋವರೆಗೆ. ಇಲಿ ಓಡಾಡೋ ಶೆಡ್ಡು, ಕೆರೆ ನೀರು ಇರೋ ಕಡೆ ಇಲಿಜ್ವರದ ಲಸಿಕೆಯೂ ಸೇರಿರಲಿ.
- 3 ತಿಂಗಳು: ರೇಬಿಸ್ ಲಸಿಕೆ. ವೈದ್ಯರು ಹೇಳಿದಾಗ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ.
- ಜಂತುಹುಳು ಔಷಧಿ: ಮರಿಗೆ ಎರಡು ವಾರಕ್ಕೊಮ್ಮೆ, ಮೂರು ತಿಂಗಳಾದ ಮೇಲೆ ತಿಂಗಳಿಗೊಮ್ಮೆ ಆರು ತಿಂಗಳವರೆಗೆ, ಆಮೇಲೆ ಮೂರು ತಿಂಗಳಿಗೊಮ್ಮೆ.

ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಅದರ ಸುತ್ತಮುತ್ತ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುತ್ತವೆ, ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ.

ಕುರಿ ಸಾಕೋರು ಜಂತುಹುಳು ವಿಷಯ ಹಗುರ ಮಾಡಬೇಡಿ. ಕುರಿ ತಲೆ ಒಂದೇ ಕಡೆ ವಾಲಿಸಿ ಸುತ್ತು ಹಾಕ್ತಾ ಸಾಯೋ ಕಾಯಿಲೆ ಇದೆಯಲ್ಲ, ಅದಕ್ಕೆ ಕಾರಣ ನಾಯಿ ಹೊಟ್ಟೆಯ ಲಾಡಿಹುಳು. ಕುರಿ ಕೊಯ್ದಾಗ ಹಸಿ ಮಿದುಳು, ಈಲಿ, ಶ್ವಾಸಕೋಶ ನಾಯಿಗೆ ಹಾಕ್ತಾರೆ. ಹುಳು ನಾಯಿಗೆ ಸೇರುತ್ತೆ, ಅದರ ಮಲದಿಂದ ಮೊಟ್ಟೆ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ. ಇದೇ ದಾರಿಯಲ್ಲಿ ಇನ್ನೊಂದು ಜಾತಿ ಲಾಡಿಹುಳು ಮನುಷ್ಯನ ಈಲಿಯಲ್ಲೂ ನೀರುಗಡ್ಡೆ ಮಾಡುತ್ತೆ. ಹಸಿ ಒಳಾಂಗ ಹಾಕಬೇಡಿ, ಲಾಡಿಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಇರೋ ಮಾತ್ರೆ ಕೊಡಿ.

ಹಸು, ಕುರಿ ಇರೋ ತೋಟದಲ್ಲಿ ಉಣ್ಣೆ ಇದ್ದೇ ಇರುತ್ತೆ. ನಾಯಿಯ ಕಿವಿ ಒಳಗೆ, ಬೆರಳ ಸಂದಿಯಲ್ಲಿ ವಾರಕ್ಕೊಮ್ಮೆ ನೋಡಿ. ಉಣ್ಣೆಯಿಂದ ಬರೋ ಜ್ವರದಲ್ಲಿ ನಾಯಿ ಊಟ ಬಿಡುತ್ತೆ, ಒಸಡು ಬಿಳಿಚುತ್ತೆ, ಮೂಗಲ್ಲಿ ರಕ್ತ ಬರಬಹುದು. ಎರಡನೇ ದಿನವೇ ರಕ್ತಪರೀಕ್ಷೆ ಮಾಡಿಸಿದರೆ ಉಳಿಯುತ್ತೆ. ಕುರಿಗೆ ತಂದ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನು ಅಂದಾಜಲ್ಲಿ ನಾಯಿಗೆ ಚುಚ್ಚಬೇಡಿ, ದನದ ಉಣ್ಣೆ ಔಷಧಿ ಸುರಿಯಬೇಡಿ. ಪ್ರಮಾಣ ತಪ್ಪಿದರೆ ಪ್ರಾಣಕ್ಕೇ ಕುತ್ತು.

ಮುಧೋಳಕ್ಕೆ ಆಪರೇಷನ್ ಮಾಡಿಸುವಾಗ ತಳಿಯ ಹೆಸರು ವೈದ್ಯರಿಗೆ ಹೇಳಿ. ಕೊಬ್ಬು ಕಡಿಮೆ ಇರೋ ಓಟದ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿ ಹೆಚ್ಚು ಹೊತ್ತು ಹಿಡಿಯುತ್ತೆ. ತೀರ ಕಷ್ಟದ ಕೇಸಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮ್ಮ ನಾಲ್ಕೂ ತಾಲ್ಲೂಕಿಗೆ ಹತ್ತಿರ.

ತೋಟದ ಅಪಾಯಗಳು

ಕೀಟನಾಶಕ ಹೊಡೆದ ದಿನ ನಾಯಿ ಗೂಡಲ್ಲೇ ಇರಲಿ. ಔಷಧಿ ಕಲಸಿದ ಬಕೆಟ್ಟಿನ ನೀರು, ಇಲಿ ಪಾಷಾಣ, ಹರಳು ಔಷಧಿ ಬೆರೆತ ಮಣ್ಣು, ಇವೇ ತೋಟದ ನಾಯಿಗಳ ಪ್ರಾಣ ತೆಗೆಯೋದು. ಜೊಲ್ಲು ಸುರಿದು ನಡುಗ್ತಿದ್ದರೆ ಔಷಧಿ ಡಬ್ಬದ ಲೇಬಲ್ ಫೋಟೊ ತೆಗೆದುಕೊಂಡೇ ಆಸ್ಪತ್ರೆಗೆ ಓಡಿ. ಯಾವ ವಿಷ ಅಂತ ಗೊತ್ತಾದರೆ ಚಿಕಿತ್ಸೆ ಬೇಗ ಶುರುವಾಗುತ್ತೆ.

ನಾಗರ, ಕೊಳಕುಮಂಡಲ ಕಚ್ಚಿದರೆ ನಾಯಿಗೂ ವಿಷಪ್ರತಿರೋಧಕ ಇಂಜೆಕ್ಷನ್ ಕೆಲಸ ಮಾಡುತ್ತೆ. ಕಟ್ಟು ಬಿಗಿಯೋದು, ಕೊಯ್ಯೋದು ಮಾಡಬೇಡಿ. ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಿ.

ಕಚ್ಚಿದರೆ, ಬೇಟೆಯಾಡಿದರೆ ಹೊಣೆ ನಿಮ್ಮದೇ

ನಾಯಿ ಯಾರಿಗಾದರೂ ಕಚ್ಚಿದರೆ ಗಾಯವನ್ನು ಸೋಪು ಹಾಕಿ, ಹರಿಯೋ ನೀರಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. "ನಮ್ಮ ನಾಯಿಗೆ ಲಸಿಕೆ ಆಗಿದೆ" ಅಂತ ಸುಮ್ಮನಾಗಬೇಡಿ, ತೀರ್ಮಾನ ಡಾಕ್ಟರ್ ಮಾಡಲಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸೋಕೆ ಔಷಧಿ ಇಲ್ಲ. ನಾಯಿಯಿಂದ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಒಡೆಯನಿಗೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಗೇಟಿಗೆ "ನಾಯಿ ಇದೆ, ಕೂಗಿ ಬನ್ನಿ" ಅಂತ ಬೋರ್ಡು ಹಾಕಿ.

ಇನ್ನೊಂದು ಮುಖ್ಯ ವಿಷಯ. ಮುಧೋಳ ತಂದ ಹುಡುಗರಿಗೆ ಮೊಲದ ಬೇಟೆಯ ಆಸೆ ಬರುತ್ತೆ. ಮೊಲ, ನವಿಲು, ಕೌಜುಗ ಯಾವುದನ್ನು ನಾಯಿ ಬಿಟ್ಟು ಹಿಡಿಸಿದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸು ಬೀಳುತ್ತೆ. ಅದನ್ನು ವಿಡಿಯೊ ಮಾಡಿ ಸ್ಟೇಟಸ್ ಹಾಕಿದರೆ ಸಾಕ್ಷಿ ನೀವೇ ಕೊಟ್ಟ ಹಾಗೆ. ಬೇಟೆ ರುಚಿ ಕಂಡ ನಾಯಿ ನಾಳೆ ಪಕ್ಕದವರ ಕುರಿಮರಿಯನ್ನೂ ಬಿಡಲ್ಲ.

ಮರಿ ಮಾರೋ ಯೋಚನೆ ಇಲ್ಲದಿದ್ದರೆ ಸಂತಾನಹರಣ ಮಾಡಿಸಿ. ಬೆದೆಗೆ ಬಂದ ನಾಯಿ ವಾಸನೆ ಹಿಡಿದು ಬೇಲಿ ಹಾರಿ ಹೋದ ಗಂಡು ಹೈವೇ ಪಾಲಾಗೋದು, ಬೇಡದ ಮರಿಗಳನ್ನು ಸಂತೆಮಾಳದಲ್ಲಿ ಬಿಟ್ಟು ಬರೋದು, ಎರಡೂ ತಪ್ಪುತ್ತೆ. ಯಾವ ವಯಸ್ಸಿಗೆ ಮಾಡಿಸಬೇಕು ಅಂತ ವೈದ್ಯರನ್ನು ಕೇಳಿ.

ತರುವ ಮುಂಚೆ ಮನೆಯವರ ಜೊತೆ ಕೂತು ಕೇಳಿಕೊಳ್ಳಿ

1. ಆರು ಅಡಿ ಬೇಲಿಯ ಅಂಗಳ ಇದೆಯಾ, ಇಲ್ಲ ಈ ಸುಗ್ಗಿಯೊಳಗೆ ಆಗುತ್ತಾ?
2. ಮೇಲೂ ಮುಚ್ಚಿದ ರಾತ್ರಿ ಗೂಡು ತಯಾರಾಗಿದೆಯಾ?
3. ನಾಲ್ಕು ತಿಂಗಳು ದಿನಾ ಒಂದು ಗಂಟೆ ಮರಿಗೆ ಕೊಡೋರು ಯಾರು?
4. ನೀವು ಊರಲ್ಲಿ ಇಲ್ಲದ ದಿನ ಊಟ ಹಾಕೋರು ಯಾರು? ಅವರನ್ನು ನಾಯಿ ಒಪ್ಪುತ್ತಾ?
5. ಹತ್ತು ಹನ್ನೆರಡು ವರ್ಷದ ಊಟ, ಲಸಿಕೆ, ಆಸ್ಪತ್ರೆ ಖರ್ಚು ಲೆಕ್ಕ ಹಾಕಿದ್ದೀರಾ?

ಐದಕ್ಕೂ ಉತ್ತರ ಸಿಕ್ಕಿದರೆ ಮೊದಲು ಗೂಡು ಕಟ್ಟಿ, ಬೇಲಿ ಹಾಕಿ, ಆಮೇಲೆ ಮರಿ ತನ್ನಿ. ಉತ್ತರ ಸಿಗದಿದ್ದರೆ ಈ ವರ್ಷಕ್ಕೆ ನಿಮ್ಮ ಬೀದಿಯ ಒಂದು ನಾಟಿ ಮರಿಗೆ ಮೇಲೆ ಹೇಳಿದ ಲಸಿಕೆ, ಊಟ, ಗೂಡು ಎಲ್ಲ ಕೊಟ್ಟು ಸಾಕಿ ನೋಡಿ. ಬಹಳ ತೋಟಗಳಿಗೆ ಅಷ್ಟೇ ಸಾಕಾಗುತ್ತೆ.